ಮೋಡದ ಮರೆಯಲ್ಲೂ ಕಾಣುವ ಗದ್ದೆ

ಗಂಗಾವತಿ, ಸಿಂಧನೂರು ಕಡೆ ಮುಂಗಾರು ಭತ್ತದ ನಾಟಿ ನಡೆಯುವಾಗ ಆಕಾಶದ ತುಂಬ ಮೋಡ. ಉಪಗ್ರಹದ ಸಾಮಾನ್ಯ ಕ್ಯಾಮೆರಾಕ್ಕೆ ನೆಲ ಕಾಣದು. ರೇಡಾರ್ ತರಂಗಗಳು ಮಾತ್ರ ಮೋಡ ತೂರಿ ಇಳಿಯುತ್ತವೆ. ನೀರು ನಿಂತ ಗದ್ದೆ ಚಿತ್ರದಲ್ಲಿ ಕಪ್ಪಗಿರುತ್ತದೆ, ಪೈರು ಬೆಳೆದಂತೆ ಬೆಳ್ಳಗಾಗುತ್ತದೆ. ಈ ಬದಲಾವಣೆಯೇ ಭತ್ತದ ಗುರುತು.

ನಮ್ಮ ದೆಹಲಿಯ ಪೂಸಾದಲ್ಲಿ 2012ರಲ್ಲಿ ಶುರುವಾದ ಮಹಾಲನೋಬಿಸ್ ರಾಷ್ಟ್ರೀಯ ಬೆಳೆ ಮುನ್ಸೂಚನಾ ಕೇಂದ್ರ, ಇಂಥ ಚಿತ್ರಗಳಿಂದ ಬೆಳೆಯ ವಿಸ್ತೀರ್ಣ ಲೆಕ್ಕಹಾಕಿ, ಹವಾಮಾನದ ಮಾಹಿತಿ ಸೇರಿಸಿ ಇಳುವರಿ ಅಂದಾಜಿಸುತ್ತದೆ.

2023ರಿಂದ ಫಸಲ್ ಬಿಮಾ ಯೋಜನೆಯಲ್ಲೂ ಭತ್ತ, ಗೋಧಿಯ ಇಳುವರಿ ಲೆಕ್ಕಕ್ಕೆ ಉಪಗ್ರಹದ ಅಂದಾಜು ಸೇರಿದೆ. ಆದರೂ ತೆನೆ ಗಟ್ಟಿಯೋ ಜೊಳ್ಳೋ ಎಂಬುದು ಕೊಯ್ದು ತೂಗಿದಾಗಲೇ ಖಚಿತ. ಪರಿಹಾರದ ಹಣ ಆ ತೂಕವನ್ನೂ ಅವಲಂಬಿಸಿದೆ. ಪಂಚಾಯಿತಿಯಲ್ಲಿ ಬೆಳೆ ಕಟಾವು ಪ್ರಯೋಗ ನಡೆಯುವ ದಿನ ಗದ್ದೆಯ ಬಳಿ ಇರುವಂತೆ ಊರಿನವರಿಗೆ ಇಲ್ಲಿಂದಲೇ ಒಂದು ಫೋನ್ ಮಾಡಿ.