ಬೇರಿಂಗೂ ಸುತ್ತಿಗೆಯೂ

ಸೀಲಿಂಗ್ ಫ್ಯಾನು ಗರಗರನೆ ಸದ್ದು ಮಾಡತೊಡಗಿದೊಡನೆ ಅನೇಕ ಗೃಹಸ್ಥರು ಎಣ್ಣೆಯ ಡಬ್ಬಿಯನ್ನು ಹುಡುಕುವರು. ಸವೆದ ಬೇರಿಂಗಿಗೆ ಎಣ್ಣೆಯಿಂದ ಸಿಗುವುದು ನಾಲ್ಕು ದಿನದ ಸಮಾಧಾನವಷ್ಟೆ. ಹೊಸದನ್ನು ಹಾಕುವುದೇ ಸರಿಯಾದ ಮಾರ್ಗ. ಆದರೆ ಹೊಸದೂ ತಿಂಗಳೊಪ್ಪತ್ತಿನಲ್ಲಿ ಕೂಗತೊಡಗಿದರೆ, ಅಂಗಡಿಯವನನ್ನು ದೂರುವ ಮುನ್ನ ಅದನ್ನು ಕೂರಿಸಿದ ಸುತ್ತಿಗೆಯನ್ನು ವಿಚಾರಿಸುವುದು ಲೇಸು.

ಬೇರಿಂಗಿನಲ್ಲಿ ಎರಡು ಉಕ್ಕಿನ ಬಳೆಗಳುಂಟು. ಅವುಗಳ ನಡುವೆ ಗುಂಡುಗಳು ಓಡುತ್ತವೆ. ಹೊರಬಳೆಗೆ ಪೆಟ್ಟು ಕೊಟ್ಟು ಒಳಬಳೆಯನ್ನು ಷಾಫ್ಟಿಗೆ ಇಳಿಸಹೊರಟರೆ ಆ ಪೆಟ್ಟೆಲ್ಲ ಗುಂಡುಗಳ ಮೂಲಕವೇ ಹಾಯಬೇಕು. ಆಗ ಒಂದೊಂದು ಗುಂಡೂ ತನ್ನ ಹಾದಿಯಲ್ಲಿ ಕಣ್ಣಿಗೆ ಕಾಣದಂಥ ಕುಳಿಯನ್ನು ಒತ್ತಿಬಿಡುತ್ತದೆ. ಆದುದರಿಂದ ಷಾಫ್ಟಿನ ಮೇಲೆ ಬಿಗಿಯುವಾಗ ಒಳಬಳೆಯನ್ನು, ಗೂಡಿನೊಳಗೆ ಇಳಿಸುವಾಗ ಹೊರಬಳೆಯನ್ನು ಮಾತ್ರವೇ ಒತ್ತತಕ್ಕದ್ದು.

ಬಿಚ್ಚುವ ಕೆಲಸದಲ್ಲಿ ಇಷ್ಟು ಕಟ್ಟುನಿಟ್ಟು ಬೇಡ. ಹೊರಬರುವುದು ಹೇಗೂ ಗುಜರಿಗೆ ಹೋಗತಕ್ಕದ್ದು. ಆದರೂ ಸ್ಕ್ರೂಡ್ರೈವರಿನಿಂದ ಮೀಟುವ ಚಟ ಒಳ್ಳೆಯದಲ್ಲ. ಪಕ್ಕದಲ್ಲಿಯೇ ಇರುವ ತಾಮ್ರದ ಸುರುಳಿಗೆ ಅದರ ತುದಿ ತಗುಲಿದರೆ ಬೇರಿಂಗಿನ ಖರ್ಚು ಮೋಟಾರಿನ ಖರ್ಚಾಗುವುದು. ನಡುವೆ ಸೀಳಿದ ಕಬ್ಬಿಣದ ಪಟ್ಟಿಯೊಂದನ್ನು ಬೇರಿಂಗಿನ ಹಿಂದೆ ತೂರಿಸಿ, ಮುಂದೆ ಇನ್ನೊಂದು ಪಟ್ಟಿಯನ್ನಿಟ್ಟು, ಎರಡನ್ನೂ ಉದ್ದನೆಯ ಎರಡು ಬೋಲ್ಟುಗಳಿಂದ ಕೂಡಿಸಬೇಕು. ಮುಂದಿನ ಪಟ್ಟಿಯ ನಡುವೆ ನಟ್ಟೊಂದನ್ನು ಬೆಸೆದು, ಅದರೊಳಗಿನ ಬೋಲ್ಟಿನಿಂದ ಷಾಫ್ಟಿನ ತುದಿಯನ್ನು ಒತ್ತಿದರೆ ಬೇರಿಂಗು ಸದ್ದಿಲ್ಲದೆ ಈಚೆಗೆ ಬರುತ್ತದೆ. ಇದು ಕೆಳಗಿನ ಬೇರಿಂಗಿನ ಮಾತು. ಮೇಲಿನ ತುದಿ ತಂತಿಗಳು ಹಾಯುವ ಟೊಳ್ಳುಕೊಳವೆ. ಅದನ್ನು ಕುಶಲಕರ್ಮಿಯ ಕೈಗೊಪ್ಪಿಸುವುದೇ ಕ್ಷೇಮ.

ಹಳೆಯ ಬಳೆಯ ಮೇಲೆ ಕೆತ್ತಿದ ಸಂಖ್ಯೆಯನ್ನೇ ಅಂಗಡಿಯಲ್ಲಿ ಹೇಳಬೇಕು. ಅನೇಕ ಫ್ಯಾನುಗಳಲ್ಲಿರುವುದು 6202: ಒಳರಂಧ್ರ 15 ಮಿಲಿಮೀಟರು, ಹೊರವ್ಯಾಸ 35, ದಪ್ಪ 11. ಮುಂಬಯಿಯವರಿಗೆ ನಾಗದೇವಿ ಬೀದಿಯನ್ನು ಪರಿಚಯಿಸಬೇಕಾಗಿಲ್ಲ.

ಹೊಸದನ್ನು ಕೂರಿಸುವ ಮುನ್ನ ಬಿಸಿನೀರಿನ ಪಾತ್ರೆಯ ಮುಚ್ಚಳದ ಮೇಲೆ ಸ್ವಲ್ಪ ಹೊತ್ತು ಇಡಿರಿ. 50 ಡಿಗ್ರಿ ಕಾವೇರಿದರೆ ಒಳರಂಧ್ರವು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಹಿಗ್ಗುತ್ತದೆ, ಅಲ್ಪವಾದರೂ ಸಾಕಷ್ಟು. ಬೆಂಕಿಗೆ ನೇರವಾಗಿ ಹಿಡಿದರೆ ಒಳಗಿನ ಗ್ರೀಸೂ ರಬ್ಬರೂ ಕೆಡುವುವು. ಅನಂತರ ಒಳಬಳೆಗಷ್ಟೇ ತಾಗುವ ಕೊಳವೆಯ ತುಂಡನ್ನಿಟ್ಟು ಒತ್ತಿದರಾಯಿತು.

ಮುಚ್ಚಳದ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತ, ನಡುನಡುವೆ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿರಿ. ಎಲ್ಲಿಯಾದರೂ ತಡೆದರೆ, ಆ ಸ್ಕ್ರೂವನ್ನು ಸಡಿಲಿಸಿ ಮತ್ತೆ ಬಿಗಿಯತಕ್ಕದ್ದು.