ಮುಳ್ಳಿಗಿಂತ ಸೂಜಿಯೇ ಹೆಚ್ಚು ನೋಯಬೇಕೇ?

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬುದು ಹಿರಿಯರ ಮಾತು. ಆದರೆ ತೆಗೆಯಲು ಬಂದ ಮುಳ್ಳೇ ಕಾಲಿನಲ್ಲಿರುವ ಮುಳ್ಳಿಗಿಂತ ಹೆಚ್ಚು ನೋಯಿಸಿದರೆ ಏನು ಗತಿ? ಕಳೆದ ಬೇಸಿಗೆ ರಜೆಯಲ್ಲಿ ಈ ಪ್ರಶ್ನೆ ನಮಗೆ ಎದುರಾಯಿತು.

ನಮ್ಮ ಅಕ್ಕನನ್ನು ಕೊಟ್ಟದ್ದು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ನಂದವರಂಗೆ. ಎಮ್ಮಿಗನೂರಿನ ಹತ್ತಿರದ ಊರು ಅದು. ಆ ಕಡೆಯ ಆದೋನಿ ಸೀಮೆ ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿತು. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಕ್ಕನ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಈ ಬಾಳು ಎಂತಹದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಅಕ್ಕನ ಮಗನಿಗೆ ಹನ್ನೊಂದು ವರ್ಷ. ಹೊಲದ ಬದುವಿನ ಮೇಲೆ ಓಡುತ್ತಿದ್ದಾಗ ಬಳ್ಳಾರಿ ಜಾಲಿಯ ಮುಳ್ಳೊಂದು ಚಪ್ಪಲಿಯನ್ನು ತೂರಿ ಅಂಗಾಲಿಗೆ ನಾಟಿತು. ತುದಿ ಮುರಿದು ಒಳಗೇ ಉಳಿಯಿತು. ಮೂರನೆಯ ದಿನಕ್ಕೆ ಕಾಲು ಬಾತು ಕೀವು ಕಾಣಿಸಿಕೊಂಡಿತು. ಪೇಟೆಯ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಕೊಯ್ದು ತೆಗೆಯುವ ಮೊದಲು ಜಾಗವನ್ನು ಮರಗಟ್ಟಿಸುವ ಸೂಜಿ ಕೊಡಬೇಕಿತ್ತು. "ಏನೂ ಇಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೆ" ಎಂದು ನಾವೇ ಸಮಾಧಾನ ಹೇಳಿದೆವು. ನಾಲ್ಕು ಜನ ಹಿಡಿದುಕೊಂಡೆವು. ಔಷಧಿಯನ್ನು ಒಂದೇ ದಮ್ಮಿಗೆ ನೂಕಿದ್ದೇ ತಡ, ಹುಡುಗ ಕಿರುಚಿ ಕಾಲು ಝಾಡಿಸಿದ. ಸಿರಿಂಜು ನೆಲಕ್ಕೆ ಬಿತ್ತು. "ಮುಳ್ಳು ಇದ್ದರೂ ಇರಲಿ, ಸೂಜಿ ಬೇಡ ಮಾಮ" ಎಂದು ಅತ್ತವನನ್ನು ಮುಳ್ಳಿನ ಸಮೇತ ಮನೆಗೆ ಕರೆತಂದೆವು.

ಮರುದಿನ ಬೇರೆ ಕಡೆ ಹೋದೆವು. ಅಲ್ಲಿಯ ವೈದ್ಯರು ವಯಸ್ಸಾದವರು, ತೆಲುಗರು. ಅವರು ಮೊದಲು ಮಾಡಿದ ಕೆಲಸವೆಂದರೆ ಔಷಧಿಯ ಬಾಟಲಿಯನ್ನು ಕೈಮುಷ್ಟಿಯಲ್ಲಿ ಹಿಡಿದು ಮಾತನಾಡುತ್ತ ಕುಳಿತದ್ದು. ಬಳಿಕ ಇನ್ನೊಂದು ಸಣ್ಣ ಬಾಟಲಿಯಿಂದ ಏನನ್ನೋ ಸ್ವಲ್ಪ ಬೆರೆಸಿದರು. ಸೂಜಿ ಕೂದಲಿನಷ್ಟು ಸಣ್ಣದು. ಅಲ್ಲಿದ್ದ ನರ್ಸಮ್ಮ ಕನ್ನಡದವರು. ಹುಡುಗನ ತಲೆಯ ಬಳಿ ಕುಳಿತು, "ತಮ್ಮಾ, ಕಾಲು ಸಡಿಲ ಬಿಡು. ಈಗ ಔಷಧಿ ಹಾಕ್ತೀವಿ, ಆ ಜಾಗ ಜೋಮು ಹಿಡಿತೈತಿ. ಮುಳ್ಳು ತೆಗೆದದ್ದು ನಿನಗ ಗೊತ್ತಾಗಂಗಿಲ್ಲ" ಎಂದರು. ಹೊಲದಲ್ಲಿ ಏನು ಬೆಳೆದಿದ್ದೀರಿ, ಎತ್ತುಗಳ ಹೆಸರೇನು ಎಂದು ಕೇಳತೊಡಗಿದರು. ವೈದ್ಯರು ಹನಿಹನಿಯಾಗಿ ಔಷಧಿ ಬಿಡುತ್ತಿದ್ದರು. ಹುಡುಗ ಮುಖ ಹಿಂಡಿದ, ಆದರೆ ಅಳಲಿಲ್ಲ. ಕಾಲು ಗಂಟೆಯಲ್ಲಿ ಮುಳ್ಳು ತಟ್ಟೆಯಲ್ಲಿತ್ತು.

ಅದೇ ಹುಡುಗ, ಅದೇ ಅಂಗಾಲು, ಅದೇ ಔಷಧಿ. ಈ ವ್ಯತ್ಯಾಸದ ಮರ್ಮವೇನೆಂದು ವೈದ್ಯರನ್ನೇ ಕೇಳಿದೆವು. ಅವರು ಹೇಳಿದ್ದನ್ನೂ ಊರಿಗೆ ಬಂದ ಮೇಲೆ ನಾವು ಓದಿ ತಿಳಿದದ್ದನ್ನೂ ಇಲ್ಲಿ ಕೊಡುತ್ತಿದ್ದೇವೆ.

ಸ್ಥಳೀಯ ಅರಿವಳಿಕೆಯ ಚರಿತ್ರೆ ಬಹಳ ಹಳೆಯದಲ್ಲ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಎಂಬ ತರುಣ ವೈದ್ಯರು ಕೊಕೇನ್ ದ್ರವದ ಹನಿಗಳಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದರು. ಇಂದು ಎಲ್ಲೆಡೆ ಬಳಸುವ ಲಿಗ್ನೊಕೇನ್ ಔಷಧಿಯನ್ನು 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದರು. ಅವರ ಸಹಾಯಕ ಬೆಂಗ್ಟ್ ಲುಂಡ್‌ಕ್ವಿಸ್ಟ್ ತಮ್ಮ ಮೈಮೇಲೆಯೇ ಅದನ್ನು ಪ್ರಯೋಗಿಸಿ ನೋಡಿದರು. 1948ರಲ್ಲಿ ಕ್ಸೈಲೋಕೇನ್ ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೆ ಬಂತು.

ನೋವು ಕಳೆಯುವ ಈ ಔಷಧಿಯೇ ಒಳಹೊಗುವಾಗ ಉರಿಯುವುದೇಕೆ? ಅದು ಹುಳಿ ಗುಣದ್ದು. ನಮ್ಮ ಮೈಯ ರಕ್ತದ ಪಿಎಚ್ ಅಳತೆ 7.4, ಅಡ್ರಿನಲಿನ್ ಸೇರಿಸಿಟ್ಟ ಲಿಗ್ನೊಕೇನಿನದು 4ರ ಆಸುಪಾಸು. ಈ ಅಳತೆ ಇಳಿದಷ್ಟೂ ಹುಳಿ ಹೆಚ್ಚು. ಬಾಟಲಿಯಲ್ಲಿ ಬಹುಕಾಲ ಕೆಡದಿರಲಿ ಎಂದು ಹಾಗೆ ತಯಾರಿಸುತ್ತಾರೆ. ಗಾಯಕ್ಕೆ ಹುಣಸೆಹುಳಿ ತಾಗಿದರೆ ಉರಿಯುವಂತೆ ಇದೂ ಉರಿಯುತ್ತದೆ. ಇದಕ್ಕೆ ಪರಿಹಾರ ಸೋಡಿಯಂ ಬೈಕಾರ್ಬೊನೇಟ್. ಶೇಕಡಾ 8.4ರ ದ್ರಾವಣದ ಒಂದು ಭಾಗವನ್ನು ಲಿಗ್ನೊಕೇನಿನ ಒಂಬತ್ತು ಅಥವಾ ಹತ್ತು ಭಾಗಕ್ಕೆ, ಚುಚ್ಚುವ ಮುನ್ನ ಆಗಲೇ ಬೆರೆಸಿದರೆ ಹುಳಿ ಮುರಿಯುತ್ತದೆ, ಉರಿ ತಗ್ಗುತ್ತದೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2010ರ ವರದಿಯೂ ಇದನ್ನೇ ಹೇಳಿದೆ. ಇದು ಅಡುಗೆ ಸೋಡಾದ ಜಾತಿಯದೇ ಆದರೂ ಆಸ್ಪತ್ರೆಯ ಶುದ್ಧ ದ್ರಾವಣವೇ ಆಗಬೇಕು, ಮನೆಯ ಡಬ್ಬಿಯದಲ್ಲ.

ಎರಡನೆಯದು ಬಿಸಿ. ಮೈಯ ಬಿಸಿಗೆ ಸಮನಾಗಿ ಬೆಚ್ಚಗಾದ ಔಷಧಿ ಕಡಿಮೆ ನೋಯಿಸುತ್ತದೆ. ಮುಷ್ಟಿಯಲ್ಲಿ ಬಾಟಲಿ ಹಿಡಿದ ಗುಟ್ಟು ಇದೇ.

ಮೂರನೆಯದು, ಬಹುಶಃ ಎಲ್ಲಕ್ಕಿಂತ ಮುಖ್ಯವಾದದ್ದು, ನಿಧಾನ. ರಭಸದಿಂದ ನೂಕಿದ ದ್ರವ ಒಳಗಿನ ಮಾಂಸವನ್ನು ಹಿಗ್ಗಿಸಿ ನೋಯಿಸುತ್ತದೆ. ಸಣ್ಣ ಸೂಜಿಯಿಂದ ಸ್ವಲ್ಪ ಔಷಧಿ ಬಿಟ್ಟು, ಆ ಜಾಗ ಮರಗಟ್ಟಿದ ಮೇಲೆ ಅಲ್ಲಿಂದಲೇ ಮುಂದುವರಿದರೆ, ರೋಗಿಗೆ ತಿಳಿಯುವುದು ಮೊದಲಿನ ಒಂದು ಚುಚ್ಚು ಮಾತ್ರ. ಇದಕ್ಕೆ ಬೇಕಾದದ್ದು ಹಣವಲ್ಲ, ಒಂದೆರಡು ನಿಮಿಷದ ತಾಳ್ಮೆ.

ಪಕ್ಕದಲ್ಲಿ ಒತ್ತುವುದು, ಉಜ್ಜುವುದೂ ಉಪಕಾರಿ. ಹಲ್ಲಿನ ವೈದ್ಯರು ಸೂಜಿ ಕೊಡುವಾಗ ಕೆನ್ನೆಯನ್ನು ಅಲುಗಿಸುವುದನ್ನು ಹಲವರು ಕಂಡಿರಬಹುದು. ಸ್ಪರ್ಶದ ಸುದ್ದಿ ಮೊದಲು ತಲುಪಿದರೆ ನೋವಿನ ಸುದ್ದಿಗೆ ಬೆನ್ನುಹುರಿಯಲ್ಲಿ ಬಾಗಿಲು ಮುಚ್ಚುತ್ತದೆ ಎಂಬ ವಾದವನ್ನು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಮಂಡಿಸಿದರು. ಬಿದ್ದ ಮಗುವಿನ ಮೊಣಕಾಲನ್ನು ಉಜ್ಜುವ ತಾಯಂದಿರು ಅದಕ್ಕೂ ಮೊದಲೇ ಇದನ್ನು ಬಲ್ಲರು.

ಇನ್ನು ಮಾತಿನ ವಿಷಯ. ಅಮೆರಿಕದಲ್ಲಿ 140 ಗರ್ಭಿಣಿಯರ ಮೇಲೆ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಬೆನ್ನಿಗೆ ಮರಗಟ್ಟಿಸುವ ಸೂಜಿ ಕೊಡುವಾಗ ಒಂದು ಗುಂಪಿಗೆ, ಜಾಗ ಮರಗಟ್ಟಿ ನಿಮಗೆ ಹಿತವಾಗುತ್ತದೆ ಎಂದರು; ಇನ್ನೊಂದು ಗುಂಪಿಗೆ, ದೊಡ್ಡ ಜೇನು ಕುಟುಕಿದಂತಾಗುತ್ತದೆ ಎಂದರು. ಹತ್ತರ ಅಳತೆಯಲ್ಲಿ ಮೊದಲಿನವರ ನೋವಿನ ಮಧ್ಯಮ ಅಂಕ 3, ಎರಡನೆಯವರದು 5. ನಮ್ಮ "ಇರುವೆ ಕಚ್ಚಿದ ಹಾಗೆ" ಎಂಬ ಸಮಾಧಾನ ಯಾವ ಗುಂಪಿಗೆ ಸೇರಿತೆಂದು ಓದಿದಾಗ ನಾಚಿಕೆಯಾಯಿತು. ತರಗತಿಯಲ್ಲಿ ಗಲಾಟೆ ಮಾಡಿದ ಮಕ್ಕಳಿಗೆ, "ಡಾಕ್ಟರನ್ನು ಕರೆಸಿ ಸೂಜಿ ಹಾಕಿಸುತ್ತೇವೆ" ಎಂದು ನಾವೂ ಗದರಿಸಿದ್ದುಂಟು. ಆ ಭಯವೇ ಮುಂದೆ ಗಾಯವನ್ನು ಮುಚ್ಚಿಡಿಸುತ್ತದೆ.

ನರ್ಸಮ್ಮನ ಕನ್ನಡದಿಂದ ಇನ್ನೊಂದು ಉಪಕಾರವೂ ಆಯಿತು. ಅರಿವಳಿಕೆ ಹತ್ತಿದ ಮೇಲೂ ಮುಟ್ಟಿದ್ದು, ಒತ್ತಿದ್ದು ತಿಳಿಯಬಹುದು. ಚೂಪಾದ ನೋವು ಮಾತ್ರ ಇರುವುದಿಲ್ಲ. "ಗೊತ್ತಾಗುತ್ತದೆಯೇ?" ಎಂದು ಪರಭಾಷೆಯಲ್ಲಿ ಕೇಳಿದರೆ ಬೆದರಿದ ಮಗು ಹೌದೆನ್ನುತ್ತದೆ, ಇನ್ನೊಂದು ಸೂಜಿ ಬೀಳುತ್ತದೆ. ಆಕೆ, "ಮುಟ್ಟಿದ್ದು ಗೊತ್ತಾಗತೈತೋ, ನೋವಾಗತೈತೋ?" ಎಂದು ಬಿಡಿಸಿ ಕೇಳಿದರು. "ಮುಟ್ಟಿದ್ದಷ್ಟೇ" ಎಂದ ಹುಡುಗ. ಪೇಟೆಯ ತೆಲುಗು ಅವನಿಗೆ ಬಾರದ್ದಲ್ಲ. ಆದರೆ ನೋವಿನಲ್ಲಿ ಬಾಯಿಗೆ ಬರುವುದು ತಾಯ್ನುಡಿಯೇ. ನಮ್ಮಲ್ಲಿಯೂ ಅಜ್ಜಿಯರು ಆಸ್ಪತ್ರೆಯಲ್ಲಿ "ವೇದನ" ಎಂಬ ಒಂದೇ ಪದದಲ್ಲಿ ಉರಿ, ಸೆಳೆತ, ಚುಚ್ಚು ಎಲ್ಲವನ್ನೂ ಹೇಳಲು ಹೆಣಗುವುದನ್ನು ದಿನವೂ ಕಾಣುತ್ತೇವೆ.

ಆದುದರಿಂದ ಮನೆಯವರು ಮಾಡಬಹುದಾದದ್ದು ಇಷ್ಟು. ಸೂಜಿ ಇಲ್ಲವೆಂದು ಮಗುವಿಗೆ ಸುಳ್ಳು ಹೇಳಬಾರದು, ಅತಿಯಾಗಿ ಹೆದರಿಸಲೂಬಾರದು. ಹಿಂದೆ ಇಂತಹ ಸೂಜಿಯಿಂದ ತೊಂದರೆಯಾಗಿದ್ದರೆ, ಹೃದ್ರೋಗವಿದ್ದರೆ, ತಲೆಸುತ್ತಿ ಬೀಳುವ ಸ್ವಭಾವವಿದ್ದರೆ ಮೊದಲೇ ತಿಳಿಸಬೇಕು. ವೈದ್ಯರ ಭಾಷೆ ಬಲ್ಲ ಒಬ್ಬರು ಜೊತೆಗಿರಬೇಕು. ಆದರೆ ಮಗುವಿನ ಕಿವಿಯ ಬಳಿ ಕನ್ನಡವೇ ಇರಲಿ. "ಸ್ವಲ್ಪ ನಿಧಾನವಾಗಿ ಕೊಡುವಿರಾ, ಸೋಡಾ ಬೆರೆಸಲು ಸಾಧ್ಯವೇ?" ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಕೊನೆಯ ತೀರ್ಮಾನ ವೈದ್ಯರದು. ಔಷಧಿಯ ಪ್ರಮಾಣಕ್ಕೆ ಮೈತೂಕದ ಮಿತಿ ಇರುವುದರಿಂದ ಹೆಚ್ಚು ಹಾಕಿರೆಂದು ಒತ್ತಾಯಿಸಬಾರದು.

ನಾವು ಊರಿಗೆ ಹೊರಟ ದಿನ ಹುಡುಗ ಬಸ್ ನಿಲ್ದಾಣದವರೆಗೂ ನಡೆದೇ ಬಂದ. ಮುಳ್ಳನ್ನು ಕಾಗದದಲ್ಲಿ ಕಟ್ಟಿ ಜೇಬಿನಲ್ಲಿಟ್ಟುಕೊಂಡಿದ್ದ. ಶಾಲೆ ತೆರೆದ ಮೇಲೆ ಗೆಳೆಯರಿಗೆ ತೋರಿಸಬೇಕಂತೆ.