ಎಂಜಿನ್ ನಿಂತರೂ ಅಲಗು ತಿರುಗಬಹುದು!

ನೀಲಗಿರಿಯ ವಿದ್ಯಾರ್ಥಿಗಳೇ, ಡಿಸೆಂಬರ್-ಜನವರಿಯ ಬೆಳಗ್ಗೆ ಹುಲ್ಲಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದ ಇಬ್ಬನಿಯನ್ನು ನೀವು ಕಂಡಿರುತ್ತೀರಿ. ಕಾಸರಗೋಡು, ಸೊಲ್ಲಾಪುರ, ಆದೋನಿ ಕಡೆಯವರಿಗೆ ಅದೂ ಇಲ್ಲ. ಹೀಗಿರುವಾಗ ಹಿಮ ತೆಗೆಯುವ ಯಂತ್ರದ ಮಾತು ನಮಗೆ ಯಾಕೆ ಅಂತೀರಾ? ಸ್ವಲ್ಪ ತಾಳಿ. ಆ ಯಂತ್ರದಲ್ಲಿ ಜನ ಬೆರಳು ಕಳೆದುಕೊಳ್ಳುವ ಬಗೆಯನ್ನು ಓದಿದರೆ ನಮ್ಮೂರಿನ ಕೆಲವು ಯಂತ್ರಗಳೂ ನಿಮ್ಮ ಕಣ್ಣ ಮುಂದೆ ಬಂದಾವು.

ಮೊದಲು ಒಂದು ಲೆಕ್ಕ. ಕೆನಡಾದ ಒಂದು ಮನೆ. ಬಾಗಿಲಿನಿಂದ ರಸ್ತೆಯವರೆಗೆ 10 ಮೀಟರ್ ಉದ್ದ, 5 ಮೀಟರ್ ಅಗಲದ ದಾರಿ. ರಾತ್ರಿ 30 ಸೆಂಟಿಮೀಟರ್ ಹಿಮ ಬಿದ್ದಿದೆ. ಅಂದರೆ 15 ಘನ ಮೀಟರ್. ಹೊಸದಾಗಿ ಬಿದ್ದ ಹಗುರ ಹಿಮ ಒಂದು ಘನ ಮೀಟರಿಗೆ 100 ಕಿಲೋ ತೂಗಿದರೂ ಒಟ್ಟು ಒಂದೂವರೆ ಟನ್ ಆಯಿತು. ಬಿಸಿಲಿಗೆ ಅರೆಬರೆ ಕರಗಿ ತೇವವಾದ ಹಿಮವಾದರೆ 300 ಕಿಲೋವನ್ನೂ ಮೀರುತ್ತದೆ. ಆಗ ನಾಲ್ಕೂವರೆ ಟನ್! ಇಷ್ಟನ್ನು ಸಲಿಕೆಯಲ್ಲಿ ಎತ್ತಿ ಹಾಕಿದ ಮೇಲಷ್ಟೇ ಕಾರು ಹೊರಗೆ ಬರಬೇಕು.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಆರ್ಥರ್ ಸಿಕಾರ್ಡ್ ಎಂಬಾತ 1925ರಲ್ಲಿ ಇದಕ್ಕೊಂದು ಯಂತ್ರ ಕಟ್ಟಿದ. ಕಾಳು-ಹೊಟ್ಟು ಬೇರ್ಪಡಿಸುವ ರಾಶಿ ಯಂತ್ರವನ್ನು ನೋಡಿ ಅವನಿಗೆ ಇದು ಹೊಳೆಯಿತಂತೆ. ನಮ್ಮವರು ಕಣದಲ್ಲಿ ರಾಶಿ ತೂರುತ್ತಾರಲ್ಲ, ಹಾಗೆ ಇದು ಹಿಮವನ್ನು ತೂರುತ್ತದೆ. ಹಾಗಾಗಿ ಇದನ್ನು ಹಿಮ ತೂರುವ ಯಂತ್ರ ಎನ್ನೋಣ. ಸಿಕಾರ್ಡ್ ಕಟ್ಟಿದ್ದು ಲಾರಿಯಷ್ಟು ದೊಡ್ಡದು. ನಾನು ಹೇಳಹೊರಟಿರುವುದು ಮನೆಮನೆಯ ಸಣ್ಣ ಯಂತ್ರದ ವಿಚಾರ, ಪವರ್ ಟಿಲ್ಲರಿನ ಹಾಗೆ ಹಿಂದೆ ನಿಂತು ಹಿಡಿ ಹಿಡಿದು ನಡೆಸುವಂಥದ್ದು. ಅಲ್ಲಿಯವರು ಇದನ್ನು ಗ್ಯಾಸ್ ಯಂತ್ರ ಅನ್ನುತ್ತಾರೆ. ಅಡುಗೆ ಗ್ಯಾಸ್ ಅಲ್ಲ, ಅಮೆರಿಕ-ಕೆನಡಾದವರು ಪೆಟ್ರೋಲಿಗೇ ಗ್ಯಾಸ್ ಎನ್ನುವುದು.

ಯಂತ್ರದ ಬಾಯಲ್ಲಿ ಆಗರ್ ಎನ್ನುವ ಉಕ್ಕಿನ ಸುರುಳಿ ಇರುತ್ತದೆ. ಅದು ನಿಧಾನವಾಗಿ, ನಿಮಿಷಕ್ಕೆ ನೂರರ ಆಸುಪಾಸು ಸುತ್ತು ತಿರುಗಿ ಹಿಮವನ್ನು ಕೊರೆದು ನಡುವಿಗೆ ತಳ್ಳುತ್ತದೆ. ಅದರ ಹಿಂದೆ ಇಂಪೆಲ್ಲರ್ ಎಂಬ ಗಟ್ಟಿ ರೆಕ್ಕೆಗಳ ಚಕ್ರ. ಇದರ ಓಟ ನಿಮಿಷಕ್ಕೆ ಸಾವಿರ ಸುತ್ತಿನ ಸುಮಾರಿಗೆ. ಚಕ್ರದ ವ್ಯಾಸ 30 ಸೆಂಟಿಮೀಟರ್ ಎಂದಿಟ್ಟುಕೊಂಡು ರೆಕ್ಕೆಯ ತುದಿಯ ವೇಗ ಲೆಕ್ಕ ಹಾಕಿ: ಸುತ್ತಳತೆ ಸುಮಾರು 0.94 ಮೀಟರ್, ಅದನ್ನು ಸಾವಿರದಿಂದ ಗುಣಿಸಿ 60ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 15.7 ಮೀಟರ್. ಗಂಟೆಗೆ 56 ಕಿಲೋಮೀಟರಿಗೂ ಹೆಚ್ಚಾಯಿತು. ಹಿಮ ಈ ಪೆಟ್ಟಿಗೆ ಸಿಕ್ಕಿ ಮೇಲಿನ ಕೊಳವೆಯಿಂದ ದೂರಕ್ಕೆ ಚಿಮ್ಮುತ್ತದೆ. ಹಿಮದಡಿ ಜಲ್ಲಿಕಲ್ಲು ಇದ್ದರೆ ಅದೂ ಹಾಗೇ ಚಿಮ್ಮುತ್ತದೆ. ಅದಕ್ಕೇ ಕೊಳವೆಯ ಬಾಯಿ ಮನುಷ್ಯರ ಕಡೆಗಾಗಲಿ ಕಿಟಕಿಯ ಕಡೆಗಾಗಲಿ ಇರಬಾರದು.

ಹಗುರ ಹಿಮದ ದಿನ ಎಲ್ಲ ಸರಾಗ. ತೇವದ ಹಿಮ ದಪ್ಪವಾಗಿ ಬಿದ್ದ ದಿನ ಕಥೆಯೇ ಬೇರೆ. ಅದು ಅಂಟಂಟು, ಕೊಳವೆಯಲ್ಲಿ ಗಟ್ಟಿಯಾಗಿ ಕಚ್ಚಿಕೊಂಡುಬಿಡುತ್ತದೆ. ಹೊರಗೆ ಚಳಿ, ಕೆಲಸಕ್ಕೆ ಹೊತ್ತಾಗುತ್ತಿದೆ. ಮನುಷ್ಯ ಏನು ಮಾಡುತ್ತಾನೆ? ಬಗ್ಗಿ ಕೈ ಹಾಕುತ್ತಾನೆ. ಕೆಲವರು ಎಂಜಿನ್ ಓಡುತ್ತಿರುವಾಗಲೇ ಹಾಕುವುದುಂಟು, ಅದು ಹುಚ್ಚು ಧೈರ್ಯ ಎಂದು ನಿಮಗೇ ಗೊತ್ತು. ನನ್ನನ್ನು ಹೆಚ್ಚು ಕಾಡುವುದು ಎಂಜಿನ್ ಆರಿಸಿ, "ಇನ್ನೇನು ಭಯ" ಎಂದು ಕೈ ಹಾಕುವ ಎಚ್ಚರಸ್ಥರ ಕಥೆ.

ಯಾಕೆ ಗೊತ್ತೇ? ಎಂಜಿನ್ನಿನಿಂದ ಅಲಗಿಗೆ ಶಕ್ತಿ ಬರುವುದು ರಬ್ಬರ್ ಬೆಲ್ಟಿನ ಮೂಲಕ. ಹಿಮ ಕಚ್ಚಿಕೊಂಡು ಇಂಪೆಲ್ಲರ್ ನಿಂತಾಗ ಎಂಜಿನ್ ಇನ್ನೂ ಎಳೆಯುತ್ತಿರುತ್ತದೆ. ಬೆಲ್ಟ್ ಬಿಗಿಯುತ್ತದೆ, ದಂಡ ಒಂದಿಷ್ಟು ತಿರುಚಿಕೊಳ್ಳುತ್ತದೆ. ಆಮೇಲೆ ಎಂಜಿನ್ ಆರಿಸಿದರೂ ಆ ಬಿಗಿತ ಅಲ್ಲೇ ಉಳಿಯಬಹುದು. ಪಾಠದಲ್ಲಿ ಓದಿದ್ದೀರಲ್ಲ, ಪ್ರಚ್ಛನ್ನ ಶಕ್ತಿ? ಎಳೆದು ಹಿಡಿದ ಕವಣೆಯ ರಬ್ಬರಿನಲ್ಲಿ ಇರುವುದೂ ಅದೇ. ಇಲ್ಲಿ ಕವಣೆಯನ್ನು ಹಿಡಿದು ನಿಲ್ಲಿಸಿರುವುದು ಒಂದು ಹಿಡಿ ಹಿಮ. ಅದನ್ನು ಬೆರಳಿನಿಂದ ಕೆದಕಿ ತೆಗೆದ ಕ್ಷಣವೇ ರೆಕ್ಕೆ ಕಾಲು ಸುತ್ತೋ ಅರ್ಧ ಸುತ್ತೋ ಫಟ್ಟನೆ ತಿರುಗುತ್ತದೆ. ಬೆರಳು ಹೋಗಲು ಅಷ್ಟು ಸಾಕು.

ಅಮೆರಿಕದ ಕೈ ಶಸ್ತ್ರಚಿಕಿತ್ಸಕರ ಸಂಘ ಕೊಡುವ ಬುದ್ಧಿವಾದವೂ ಇದನ್ನೇ ಹೇಳುತ್ತದೆ. ಹಿಮ ಕಚ್ಚಿಕೊಂಡರೆ ಎಂಜಿನ್ ಆರಿಸಿ, ಕ್ಲಚ್ ಬಿಡಿಸಿ, ಅಲಗು ಪೂರ್ತಿ ನಿಲ್ಲಲು ಐದು ಸೆಕೆಂಡಾದರೂ ಕಾಯಿರಿ. ಆಮೇಲೆ ಗಟ್ಟಿ ಕೋಲಿನಿಂದ ಕೆದಕಿ, ಆಗಲೂ ಕೈ ಬೇಡ. ಹೊಸ ಯಂತ್ರಗಳ ಮೈಮೇಲೆಯೇ ಇದಕ್ಕೆಂದು ಒಂದು ಪ್ಲಾಸ್ಟಿಕ್ ಸಲಿಕೆ ಸಿಕ್ಕಿಸಿರುತ್ತಾರೆ. ಹಿಡಿಯಲ್ಲಿರುವ ಲಿವರನ್ನು ಕೈಬಿಟ್ಟರೆ ಅಲಗಿಗೆ ಶಕ್ತಿ ಹೋಗುವುದು ನಿಲ್ಲುವ ಏರ್ಪಾಡೂ ಇದೆ. ಆದರೆ ಹಿಡಿಹಿಡಿದು ಕೈ ಸೋಲುತ್ತದೆಂದು ಆ ಲಿವರಿಗೆ ಹಗ್ಗ ಬಿಗಿದು ಕಟ್ಟುವ ಬುದ್ಧಿವಂತರೂ ಇದ್ದಾರೆ!

ನನಗೆ ಬಹಳ ಮೆಚ್ಚುಗೆಯಾದದ್ದು ಒಂದು ಸಣ್ಣ ಬೋಲ್ಟ್. ಮುರಿಯಲೆಂದೇ ಮಾಡಿದ ಬೋಲ್ಟ್ ಅದು. ಕಲ್ಲೋ ಮರದ ತುಂಡೋ ಸುರುಳಿಗೆ ಸಿಕ್ಕರೆ ಇದು ಮೊದಲು ತುಂಡಾಗಿ, ಬೆಲೆಬಾಳುವ ಗೇರ್ ಪೆಟ್ಟಿಗೆ ಉಳಿಯುತ್ತದೆ. ಮನೆಯ ಫ್ಯೂಸ್ ತಂತಿಯ ತಮ್ಮ ಅನ್ನಿ. ಪದೇ ಪದೇ ಮುರಿಯುತ್ತದೆಂದು ಗಟ್ಟಿ ಬೋಲ್ಟ್ ಹಾಕುವುದೂ, ಫ್ಯೂಸ್ ಜಾಗಕ್ಕೆ ದಪ್ಪ ತಂತಿ ಸುತ್ತುವುದೂ ಒಂದೇ.

ಇನ್ನು ಪೆಟ್ರೋಲು. ಅಷ್ಟು ಚಳಿಯಲ್ಲಿ ಬೆಂಕಿ ಎಲ್ಲಿಯದು ಅನ್ನಿಸಬಹುದು. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಎಂಜಿನ್ ಬಿಸಿಯಿರುವಾಗ ಟ್ಯಾಂಕಿಗೆ ಸುರಿಯಲೇಬಾರದು, ಆರಿದ ಮೇಲೆ, ಬಯಲಲ್ಲಿ ಸುರಿಯಬೇಕು. ಚಳಿಗೆ ಹೆದರಿ ಗ್ಯಾರೇಜಿನೊಳಗೇ ಯಂತ್ರ ಚಾಲೂ ಮಾಡುವುದು ಅದಕ್ಕಿಂತ ಕೆಟ್ಟದ್ದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬಾಗಿಲು ತೆರೆದಿಟ್ಟರೂ ಸಾಲದು.

ಈಗ ನಮ್ಮೂರಿಗೆ ಬನ್ನಿ. ಮೇವು ಕತ್ತರಿಸುವ ಯಂತ್ರದಲ್ಲಿ ಜೋಳದ ದಂಟು ಸಿಕ್ಕಿಕೊಂಡಿದೆ, ಕಬ್ಬಿನ ಹಾಲಿನ ಗಾಣದಲ್ಲಿ ಸಿಪ್ಪೆ ಕಚ್ಚಿದೆ. ಇವಕ್ಕೂ ಬೆಲ್ಟೋ ಭಾರದ ಚಕ್ರವೋ ಇರುತ್ತದೆ. ಕರೆಂಟು ತೆಗೆದರೂ ಭಾರದ ಚಕ್ರ ಒಂದಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ. ಕರೆಂಟು ಹೋಗಿದೆ ಎಂದು ಕೈ ಹಾಕಿದಾಗ ಅದು ಮರಳಿ ಬಂದರೆ? ಅದಕ್ಕೇ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಶಾಲೆಯಲ್ಲಿ ಮಾಡಿ ನೋಡಿ: ಸ್ಟೂಲನ್ನು ತಲೆಕೆಳಗಾಗಿಸಿ, ಹಳೆಯ ಸೈಕಲ್ ಟ್ಯೂಬಿನಿಂದ ಉದ್ದವಾಗಿ ಕತ್ತರಿಸಿದ ಪಟ್ಟಿಯನ್ನು ಎರಡು ಕಾಲುಗಳ ಸುತ್ತ ಬಿಗಿಯಾಗಿ ಕಟ್ಟಿ. ಪಟ್ಟಿಯ ಎರಡು ಎಳೆಗಳ ನಡುವೆ ಐಸ್‌ಕ್ರೀಮ್ ಕಡ್ಡಿ ಸಿಕ್ಕಿಸಿ ಹತ್ತು ಸುತ್ತು ತಿರುಚಿ, ಇನ್ನೊಂದು ಕೋಲನ್ನು ಅಡ್ಡ ಕೊಟ್ಟು ನಿಲ್ಲಿಸಿ. ಸದ್ದಿಲ್ಲ, ಅಲುಗಾಟವಿಲ್ಲ. ಮುಖ ದೂರವಿಟ್ಟು, ಉದ್ದನೆಯ ಅಳತೆಪಟ್ಟಿಯಿಂದ ಆ ಕೋಲನ್ನು ತಳ್ಳಿ. ಕಡ್ಡಿ ಹತ್ತು ಸುತ್ತಿಗೇ ನಿಂತಿತೋ, ದಾಟಿ ಎದುರು ದಿಕ್ಕಿಗೂ ತಿರುಚಿಕೊಂಡಿತೋ? ಎಣಿಸಿ ಬರೆದಿಡಿ.